ಮೀಟರ್ ‘ಸರಿ’ ಅಂದ ಕಂಡೆನ್ಸರ್: ಹಳೇ ರೇಡಿಯೋಗ್ರಾಮ್ ಜೊತೆ ನಾಲ್ಕು ತಿಂಗಳು

ಅಜ್ಜನ ಮನೆಯ ಅಟ್ಟದಿಂದ ರೇಡಿಯೋಗ್ರಾಮ್ ಇಳಿಸಿ ನಾಲ್ಕು ತಿಂಗಳಾಯಿತು. ಎದುರಿಗೆ ರೇಡಿಯೋ, ಮುಚ್ಚಳ ಎತ್ತಿದರೆ ಹಾಡಿನ ಪ್ಲೇಟು ಹಾಕುವ ಚೇಂಜರ್, ಕೆಳಗೆ ದೊಡ್ಡ ಸ್ಪೀಕರ್. ಪೂರ್ತಿ ವಾಲ್ವ್ (ಟ್ರಾನ್ಸಿಸ್ಟರ್‌ಗಿಂತ ಹಿಂದಿನ ಗಾಜಿನ ಕೊಳವೆ) ಸೆಟ್ಟು. ನಿನ್ನೆ ರಾತ್ರಿ ಮೊದಲ ಸಲ ಒಂದು ಗಂಟೆ ತಕರಾರಿಲ್ಲದೆ ಓಡಿತು. ತಲೆಯಲ್ಲಿ ಬಿಸಿಯಿರುವಾಗಲೇ ಬರೆದಿಡುತ್ತೇನೆ. ಬೆಸುಗೆ ಹಾಕುವುದು, ಮೀಟರ್ ಹಿಡಿಯುವುದು ನಿಮಗೆ ಗೊತ್ತು ಅಂದುಕೊಂಡಿದ್ದೇನೆ.

ಪ್ಲಗ್ ಹಾಕುವ ಮೊದಲು

ಹಿಂದಿನ ರಟ್ಟು ಬಿಚ್ಚಿ ವಾಲ್ವ್‌ಗಳ ಹೆಸರು ಓದಿ. ‘ಇ’ ಅಕ್ಷರದಿಂದ ಶುರುವಾದರೆ (ಇಎಲ್84, ಇಝಡ್81) ಅದು 6.3 ವೋಲ್ಟ್ ಹೀಟರಿನದು (ವಾಲ್ವನ್ನು ಒಳಗಿಂದ ಕಾಯಿಸುವ ತಂತಿ), ಸಾಮಾನ್ಯವಾಗಿ ಒಳಗೆ ಟ್ರಾನ್ಸ್‌ಫಾರ್ಮರ್ ಇರುತ್ತದೆ. ‘ಯು’ದಿಂದ ಶುರುವಾದರೆ (ಯುಎಲ್84, ಯುವೈ85) ಹುಷಾರು. ಒಂದು ಕಾಲಕ್ಕೆ ಕೆಲವು ಊರುಗಳಲ್ಲಿ ಡಿಸಿ ಕರೆಂಟು ಇತ್ತು. ಎರಡಕ್ಕೂ ಓಡಲಿ ಅಂತ ಮಾಡಿದ ಆ ಸೆಟ್ಟುಗಳಲ್ಲಿ ಚಾಸಿಯೇ (ಎಲ್ಲ ಕೂತಿರುವ ತಗಡಿನ ಚೌಕಟ್ಟು) ನೇರ ಮೇನ್ಸ್‌ಗೆ ಸೇರಿರುತ್ತದೆ. ಪ್ಲಗ್ ಉಲ್ಟಾ ಬಿದ್ದರೆ ಇಡೀ ತಗಡಿಗೆ 230 ವೋಲ್ಟ್. ಮೊದಲ ಸೆಟ್ಟೇ ಅಂಥದ್ದಾದರೆ ದಯವಿಟ್ಟು ಬಿಟ್ಟು ಬೇರೆ ಹುಡುಕಿ. ನನ್ನದು ಅದೃಷ್ಟಕ್ಕೆ ‘ಇ’.

ಆಫ್ ಮಾಡಿದ ಮೇಲೂ ಫಿಲ್ಟರ್ ಕಂಡೆನ್ಸರ್‌ನಲ್ಲಿ (ಡಿಸಿಯ ಏರಿಳಿತ ಸಮ ಮಾಡುವ ದೊಡ್ಡದು) 250–300 ವೋಲ್ಟ್ ಕೂತಿರಬಹುದು. 10 ಸಾವಿರ ಓಮ್‌ನ 5 ವ್ಯಾಟ್ ರೆಸಿಸ್ಟರ್‌ಗೆ ಇನ್ಸುಲೇಷನ್ ಇರುವ ವೈರು ಕಟ್ಟಿಟ್ಟುಕೊಂಡಿದ್ದೇನೆ. ಕೈ ಹಾಕುವ ಮೊದಲು ಅದರಿಂದ ಖಾಲಿ ಮಾಡಿ, ಮೀಟರ್‌ನಲ್ಲಿ ಸೊನ್ನೆ ನೋಡಿ.

ಸೀರೀಸ್ ಬಲ್ಬ್: ನನ್ನ ಪ್ರೀತಿಯ ಉಪಾಯ

ಸೆಟ್ಟಿನ ಫೇಸ್ ವೈರಿಗೆ ಸಾಲಾಗಿ ಒಂದು 60 ವ್ಯಾಟ್ ಬಲ್ಬ್. ಹಳೇ ತಂತಿಯ ಬಲ್ಬೇ ಬೇಕು, ಎಲ್‌ಇಡಿ ನಡೆಯದು. ಸ್ವಿಚ್ ಹಾಕಿದಾಗ ಬಲ್ಬ್ ಜೋರಾಗಿ ಹೊತ್ತಿ ನಿಧಾನ ಮಂಕಾದರೆ ಭಾರೀ ಶಾರ್ಟ್ ಇಲ್ಲ. ಹೊತ್ತಿದ್ದು ಹೊತ್ತಿಯೇ ಇದ್ದರೆ ತಕ್ಷಣ ಆಫ್. ಬಲ್ಬ್ ಅರ್ಧ ವೋಲ್ಟೇಜ್ ನುಂಗುವುದರಿಂದ ಹಾಡು ಬರದಿರಬಹುದು, ಅದಕ್ಕೆ ಗಾಬರಿ ಬೇಡ. 60 ವ್ಯಾಟ್ ಬಲ್ಬಿನ ತಂತಿಗೆ ಪೂರ್ತಿ ಉರಿಯುವಾಗ ಸುಮಾರು 880 ಓಮ್, ತಣ್ಣಗಿದ್ದಾಗ ಅದರ ಹತ್ತನೇ ಒಂದು ಪಾಲಿನ ಆಸುಪಾಸು. ಹೆಚ್ಚು ಕರೆಂಟು ಎಳೆದಷ್ಟೂ ತಾನೇ ಹೆಚ್ಚು ತಡೆಯುತ್ತದೆ! ಇಷ್ಟು ಅಗ್ಗದ ಕಾವಲುಗಾರ ಬೇರೆ ಎಲ್ಲಿ ಸಿಗುತ್ತಾನೆ? ಮಿಕ್ಸಿ, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ಇದಕ್ಕೆ ಸಿಕ್ಕಿಸಿ ನೋಡಿ ಮನೆಯಲ್ಲಿ ಬೈಸಿಕೊಂಡಿದ್ದೇನೆ.

ಆದರೆ ಈ ಬಲ್ಬ್ ಒಂದು ರೋಗವನ್ನು ಹಿಡಿಯುವುದಿಲ್ಲ. ನಾನು ಮೂರು ವಾರ ಒದ್ದಾಡಿದ್ದು ಅದರಲ್ಲೇ.

ಕಪ್ಲಿಂಗ್ ಕಂಡೆನ್ಸರ್

ಬಲ್ಬ್ ತೆಗೆದು ನೇರ ಕರೆಂಟು ಕೊಟ್ಟೆ. ಹಾಡು ಬಂತು. ಅರ್ಧ ಗಂಟೆಗೆ ಸ್ವರ ಒಡೆಯತೊಡಗಿತು. ದೀಪ ಆರಿಸಿ ಹಿಂದಿನಿಂದ ಇಣುಕಿದರೆ ಸ್ಪೀಕರನ್ನು ಓಡಿಸುವ ಇಎಲ್84 ವಾಲ್ವಿನ ಒಳಗಿನ ಬೂದು ಪ್ಲೇಟಿನ (ಲೋಹದ ತಗಡು) ನಡುವೆ ಉಗುರಗಲ ಕೆಂಪು. ಹೀಟರಿನ ಕಿತ್ತಳೆ ಬೆಳಕಲ್ಲ, ಒಲೆಯಲ್ಲಿಟ್ಟ ಕಬ್ಬಿಣದ ಕೆಂಪು.

ಈ ವಾಲ್ವಿನ ಗ್ರಿಡ್‌ಗೆ (ಅದರ ಕರೆಂಟನ್ನು ಹತೋಟಿಯಲ್ಲಿಡುವ ಜಾಲರಿ) ಹಿಂದಿನ ಹಂತದಿಂದ ಹಾಡು ಬರುವುದು ಒಂದೇ ಒಂದು ಕಂಡೆನ್ಸರ್ ಮೂಲಕ. ಆಚೆ ಬದಿಯಲ್ಲಿ 90 ವೋಲ್ಟ್ ಡಿಸಿ, ಈಚೆ ಸೊನ್ನೆ ಇರಬೇಕು. ಹಾಡನ್ನು ಬಿಟ್ಟು ಡಿಸಿ ತಡೆಯುವುದೇ ಅದರ ಕೆಲಸ. ಅನುಮಾನ ಅದರ ಮೇಲೇ ಬಂತು, ಬಿಚ್ಚಿ ಮೀಟರ್‌ಗೆ ಹಿಡಿದೆ. ಕೆಪಾಸಿಟಿ ಸರಿಯಿದೆ. ಓಮ್ ನೋಡಿದರೆ 20 ಮೆಗಾಓಮ್ ರೇಂಜಿನಲ್ಲೂ ಅನಂತ. ಸರಿಯಿದೆ ಅಂತ ವಾಪಸ್ ಬೆಸೆದೆ! ಆಮೇಲೆ ಮೂರು ವಾರ ಬೇರೆಲ್ಲ ಬದಲಾಯಿಸಿದೆ.

ಕೊನೆಗೆ ಪೇಟೆಯಲ್ಲಿ ಅಂಗಡಿ ಮುಚ್ಚಿ ಮನೆಯಲ್ಲಿರುವ ಹಿರಿಯ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋದೆ. ನಕ್ಕರು. “ತಮ್ಮಾ, ನಿನ್ನ ಮೀಟರ್ ಒಳಗಿರೋದು ಒಂಬತ್ತು ವೋಲ್ಟ್ ಬ್ಯಾಟರಿ. ಕಂಡೆನ್ಸರ್ ತಡೀಬೇಕಾಗಿರೋದು ತೊಂಬತ್ತು.” ಜಿನುಗು ಮಳೆಗೆ ಸೋರದ ಹಂಚು ಆರಿದ್ರೆ ಮಳೆಗೆ ಸೋರುತ್ತದಲ್ಲ, ಹಾಗೆ. ಮೇಣ ಮೆತ್ತಿದ ಹಳೇ ಕಾಗದದ ಕಂಡೆನ್ಸರ್, ಮೇಲಾಗಿ ನಮ್ಮ ಮಲೆನಾಡಿನ ಥಂಡಿ. ಸೋರದೆ ಇರುತ್ತದೆಯೇ?

ಪರೀಕ್ಷೆ ಮಾಡಬೇಕಾದ್ದು ಹೀಗೆ. ಕಂಡೆನ್ಸರ್‌ನ ಗ್ರಿಡ್ ಕಡೆಯ ಕಾಲು ಮಾತ್ರ ಬಿಚ್ಚಿ, ಇನ್ನೊಂದು ಕಾಲು ಇದ್ದಲ್ಲೇ ಇರಲಿ. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಬಿಚ್ಚಿದ ಕಾಲಿಗೂ ಚಾಸಿಗೂ ನಡುವೆ ಕ್ಲಿಪ್ ಹಾಕಿ. ಆಮೇಲೆ ಸ್ವಿಚ್ ಆನ್, ಕೈ ದೂರ. ಒಳ್ಳೆಯದಾದರೆ ಕ್ಷಣ ಹೊತ್ತು ಒಂದಿಷ್ಟು ವೋಲ್ಟ್ ತೋರಿಸಿ ಸೊನ್ನೆಗೆ ಇಳಿಯುತ್ತದೆ. ನನ್ನದು 18 ವೋಲ್ಟ್‌ಗೆ ಬಂದು ನಿಂತೇ ಬಿಟ್ಟಿತು.

ಇಲ್ಲಿ ಇನ್ನೊಂದು ಸಲ ಎಡವಿದೆ. ಗ್ರಿಡ್‌ಗೆ 18 ವೋಲ್ಟ್ ಹೋಗುತ್ತಿತ್ತು ಅಂದುಕೊಂಡೆ. ಅಲ್ಲ. ಮೀಟರೇ ಒಂದು ರೆಸಿಸ್ಟರ್, ನನ್ನದಕ್ಕೆ 10 ಮೆಗಾಓಮ್. ಅದರ ಮೇಲೆ 18 ಬಿದ್ದರೆ ಕಂಡೆನ್ಸರ್ ಮೇಲೆ ಉಳಿದ 72. 72 ಅನ್ನು 18ರಿಂದ ಭಾಗಿಸಿದರೆ 4. ಅಂದರೆ ಸೋರಿಕೆ ಮೀಟರಿನ ನಾಲ್ಕು ಪಟ್ಟು, 40 ಮೆಗಾಓಮ್. (20ರ ರೇಂಜಿನಲ್ಲಿ ಯಾಕೆ ಕಾಣಲಿಲ್ಲ ಅಂತ ಈಗ ಗೊತ್ತಾಯಿತಲ್ಲ!) ಸೆಟ್ಟಿನಲ್ಲಿ ಮೀಟರ್ ಇರುವುದಿಲ್ಲ, ಗ್ರಿಡ್‌ನಿಂದ ಚಾಸಿಗೆ 1 ಮೆಗಾಓಮ್ ಇರುತ್ತದೆ. 90 ವೋಲ್ಟನ್ನು 41 ಪಾಲು ಮಾಡಿ ಒಂದು ಪಾಲು: 2.2 ವೋಲ್ಟ್. ಹಲವು ಅಗ್ಗದ ಮೀಟರುಗಳು 1 ಮೆಗಾಓಮ್‌ನವು, ಅವು ಅದೇ ಕಾಲಿನಲ್ಲಿ ಇಷ್ಟೇ ತೋರಿಸುತ್ತವೆ. ಹಾಗಾಗಿ ನಿಮ್ಮ ಮೀಟರ್ ಎಷ್ಟರದು ಅಂತ ಮೊದಲೇ ತಿಳಿದುಕೊಳ್ಳಿ.

ಬರೀ 2.2 ವೋಲ್ಟ್‌ಗೆ ಇಷ್ಟು ರಂಪವೇ ಅಂದರೆ, ಹೌದು. ಇಎಲ್84ರ ಕೈಪಿಡಿ ಲೆಕ್ಕ 250 ವೋಲ್ಟ್, 48 ಮಿಲಿಆಂಪ್, ಕ್ಯಾಥೋಡಿಗೆ (ಹೀಟರ್ ಕಾಯಿಸುವ ಭಾಗ) ಹೋಲಿಸಿದರೆ ಗ್ರಿಡ್‌ಗೆ ಮೈನಸ್ 7.3. ಗುಣಿಸಿದರೆ 12 ವ್ಯಾಟ್, ಪ್ಲೇಟು ತಡೆಯುವ ಮಿತಿಯೂ ಅಷ್ಟೇ. ಸೋರಿದ ಪ್ಲಸ್ ವೋಲ್ಟ್ ಆ ಮೈನಸ್ಸನ್ನು ಕುಗ್ಗಿಸುತ್ತದೆ, ವಾಲ್ವ್ ಹೆಚ್ಚು ಕರೆಂಟು ಎಳೆಯುತ್ತದೆ. ಅಂಚಿನಲ್ಲಿ ನಿಂತವನಿಗೆ ಒಂದು ಬೆರಳು ಸಾಕು. ಮೇಲಿಂದ, ಕಂಡೆನ್ಸರ್ ಕೂತಿರುವುದು ಆ ವಾಲ್ವಿನ ಪಕ್ಕದಲ್ಲೇ. ಬಿಸಿಯಾದಷ್ಟೂ ಇನ್ನಷ್ಟು ಸೋರುತ್ತದೆ, ಸೋರಿದಷ್ಟೂ ವಾಲ್ವ್ ಇನ್ನಷ್ಟು ಬಿಸಿ. ಅರ್ಧ ಗಂಟೆ ಸುಮ್ಮನಿದ್ದು ಆಮೇಲೆ ಒಡೆಯುತ್ತಿದ್ದ ಸ್ವರಕ್ಕೆ ಕಾರಣ ಇದು.

ಹೊಸದು ತರಲು ಹೋದಾಗ ಇನ್ನೊಂದು ಫಜೀತಿ. ಹಳೆಯದರ ಮೇಲೆ ‘10ಕೆ’ ಅಂತಿತ್ತು. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ‘10ಕೆ’ ಕೇಳಿದೆ, ರೆಸಿಸ್ಟರ್ ಕೊಟ್ಟರು, ನಾನೂ ತಂದೆ. ಆಗಿನ ಬರವಣಿಗೆಯಲ್ಲಿ ಅದು 10 ಸಾವಿರ ಪಿಕೋಫ್ಯಾರಡ್, ಅಂದರೆ 0.01 ಮೈಕ್ರೋ. ಈಗಿನವುಗಳ ಮೇಲೆ 103 ಅಂತ ಇರುತ್ತದೆ. ಪಾಲಿಯೆಸ್ಟರ್‌ನದು, 630 ವೋಲ್ಟಿನದು ಕೇಳಿ, ಬೆಲೆ ಚಿಲ್ಲರೆ ಕಾಸು. ಬದಲಾಯಿಸಿದ ಮೇಲೂ ಗ್ರಿಡ್‌ನಲ್ಲಿ ಪ್ಲಸ್ ವೋಲ್ಟ್ ಉಳಿದರೆ ಆಗ ವಾಲ್ವಿನ ಮೇಲೆ ಅನುಮಾನ ಪಡಿ.

ಫಿಲ್ಟರ್ ಕಂಡೆನ್ಸರ್‌ಗೆ ಒಂದೇ ಮಾತು: ಗುಂಯ್‌ಗುಡುವುದು ಕಡಿಮೆಯಾಗಲಿ ಅಂತ 220 ಮೈಕ್ರೋ ಹಾಕಬೇಡಿ. ಎಸಿಯನ್ನು ಡಿಸಿ ಮಾಡುವ ಇಝಡ್81 ವಾಲ್ವ್ ತಡೆಯುವುದು 50 ಮೈಕ್ರೋವರೆಗೆ. ಮೇನ್ಸ್‌ಗೆ ಅಡ್ಡ ಇರುವ ಕಂಡೆನ್ಸರ್ ‘ಎಕ್ಸ್2’ ಗುರುತಿನದೇ (ಮೇನ್ಸ್‌ಗೆಂದೇ ಮಾಡಿದ್ದು) ಆಗಬೇಕು.

ಉಳಿದದ್ದು

ಮರಕ್ಕೆ ಬಡಗಿಯ ಕೈಯಲ್ಲಿ ಸ್ಪಿರಿಟ್ ಪಾಲಿಶ್ ಮಾಡಿಸಿದೆ. ನನಗೆ ಆ ತಾಳ್ಮೆ ಇಲ್ಲ.

ರೇಡಿಯೋದ ಡಯಲ್ ಮೀಟರ್‌ನಲ್ಲಿದೆ (ತರಂಗದ ಉದ್ದ), ಕಿಲೋಹರ್ಟ್ಸ್‌ನಲ್ಲಿ ಅಲ್ಲ. 3 ಲಕ್ಷವನ್ನು ಕಿಲೋಹರ್ಟ್ಸ್‌ನಿಂದ ಭಾಗಿಸಿ: ಬೆಂಗಳೂರು 612 ಅಂದರೆ 490, ಧಾರವಾಡ 765 ಅಂದರೆ 392. ಏನೂ ಕೇಳದೆ ಬರೀ ಕರಕರ ಬಂದರೆ ಮೊದಲು ಮನೆಯ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಆರಿಸಿ.

ಪಿಕಪ್ (ಮುಳ್ಳಿನ ಅಲುಗಾಟವನ್ನು ಕರೆಂಟಾಗಿಸುವ ಭಾಗ) ಸತ್ತಿತ್ತು. ಹಳೇ ಕ್ರಿಸ್ಟಲ್ ಪಿಕಪ್‌ಗಳ ಒಳಗಿರುವುದು ರೋಶೆಲ್ ಉಪ್ಪಿನ ಹರಳು. ಉಪ್ಪಿಗೆ ಮಲೆನಾಡಿನ ಮಳೆಗಾಲ ಏನು ಮಾಡುತ್ತದೆ ಅಂತ ಅಡುಗೆಮನೆಯ ಭರಣಿ ಹೇಳುತ್ತದೆ. ಸೆರಾಮಿಕ್ ಪಿಕಪ್ ಹಾಕಿದೆ.

ಚೇಂಜರ್‌ನ ಗ್ರೀಸ್ ಬೆಲ್ಲದ ಪಾಕದಂತೆ ಗಟ್ಟಿಯಾಗಿತ್ತು. ಐಸೋಪ್ರೊಪೈಲ್ ಹಾಕಿ ಒರೆಸಿ, ಬೇರಿಂಗ್‌ಗೆ ಎರಡು ತೊಟ್ಟು ಹೊಲಿಗೆ ಮೆಷಿನ್ ಎಣ್ಣೆ ಬಿಟ್ಟೆ. ರಬ್ಬರ್ ಚಕ್ರಕ್ಕೆ ಎಣ್ಣೆ ತಾಗಬಾರದು. ವೇಗ ನೋಡಲು ಪ್ಲಾಟರ್ (ಹಾಡಿನ ಪ್ಲೇಟು ಕೂರುವ ತಟ್ಟೆ) ಅಂಚಿಗೆ ಕಾಗದದ ಚೂರು ಅಂಟಿಸಿ ಸುತ್ತು ಎಣಿಸುತ್ತೇನೆ: 33⅓ಕ್ಕೆ ಮೂರು ನಿಮಿಷದಲ್ಲಿ ಸರಿಯಾಗಿ 100. ಅಮೆರಿಕದಿಂದ ಕನ್ಸೋಲ್ (ಅಲ್ಲಿನ ರೇಡಿಯೋಗ್ರಾಮ್) ತಂದವರಿಗೆ ಇಲ್ಲಿ 83 ಬರುತ್ತದೆ. ಅಲ್ಲಿ 60 ಹರ್ಟ್ಸ್, ನಮ್ಮದು 50. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಇಟ್ಟರೂ ಅದು ಬದಲಾಗುವುದಿಲ್ಲ, ಮೋಟಾರಿನ ಪುಲ್ಲಿಯನ್ನೇ ಬದಲಾಯಿಸಬೇಕು. ನನ್ನದು ಶುರುವಿನಲ್ಲಿ 88 ಇತ್ತು, ನಿನ್ನೆ 97. ರಬ್ಬರ್ ಚಕ್ರ ಗಟ್ಟಿಯಾಗಿ ಜಾರುತ್ತಿರಬೇಕು, ಈ ಭಾನುವಾರ ಅದರ ಅಂಚನ್ನು ನುಣುಪು ಮರಳುಕಾಗದಕ್ಕೆ ಹಿಡಿದು ನೋಡುತ್ತೇನೆ.