ಸಿಗರೇಟು ಬಿಟ್ಟರೂ ಆರದ ಉರಿಯೂತ: ಸ್ಟೀರಾಯ್ಡ್‌ಗೂ ಜಗ್ಗದ್ದೇಕೆ?

ಆಸ್ತಮಾ ರೋಗಿಗಳಿಗೆ ವರವಾಗಿರುವ ಸ್ಟೀರಾಯ್ಡ್ ಇನ್ಹೇಲರ್, ಬೀಡಿ–ಸಿಗರೇಟಿನಿಂದ ಬಂದ ಸಿಒಪಿಡಿಯಲ್ಲಿ (ಉಸಿರಿನ ದಾರಿ ಕಟ್ಟಿಕೊಳ್ಳುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಅರೆಬರೆ ಕೆಲಸ ಮಾಡುತ್ತದೆ. ಸೇದುವುದನ್ನು ಬಿಟ್ಟು ವರ್ಷಗಳಾದವರ ಶ್ವಾಸನಾಳದಲ್ಲೂ ಉರಿಯೂತ ಉಳಿದಿರುತ್ತದೆ. ಇದಕ್ಕೆ ಕಾರಣ ತಿಳಿದದ್ದು ಕಂತುಕಂತಾಗಿ.

ಮೊದಲ ಸುಳಿವು ಸಿಕ್ಕಿದ್ದು 1963ರಲ್ಲಿ, ಸ್ವೀಡನ್ನಿನಲ್ಲಿ. ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಪ್ರೋಟೀನಿನ ಕೊರತೆಯಿದ್ದವರನ್ನು ಲಾರೆಲ್ ಮತ್ತು ಎರಿಕ್ಸನ್ ಗುರುತಿಸಿದರು. ಅವರಲ್ಲಿ ಕೆಲವರಿಗೆ ಶ್ವಾಸಕೋಶದ ಗಾಳಿಚೀಲಗಳು ಹಾಳಾಗುವ ಎಂಫಿಸೀಮಾ ಇತ್ತು. ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಸುರಿಸುವ, ಶ್ವಾಸಕೋಶದ ಅಂಗಾಂಶವನ್ನು ಕರಗಿಸಬಲ್ಲ ಎಲಾಸ್ಟೇಸ್ ಕಿಣ್ವವನ್ನು ಹಿಡಿದು ನಿಲ್ಲಿಸುವುದು ಈ ಪ್ರೋಟೀನಿನ ಕೆಲಸ. ಹೊಗೆ ಅದರ 358ನೇ ಸ್ಥಾನದ ಮೆಥಿಯೊನಿನ್ ಎಂಬ ಅಮೈನೊ ಆಮ್ಲವನ್ನು ಉತ್ಕರ್ಷಿಸಿದರೆ (ಆಕ್ಸಿಡೀಕರಿಸಿದರೆ) ಹಿಡಿತ ಸಡಿಲವಾಗುತ್ತದೆ. ಮುಂದಿನ ಎರಡು ದಶಕ ಕಿಣ್ವಗಳ ಲೆಕ್ಕದಲ್ಲೇ ಕಳೆಯಿತು. 1986ರಲ್ಲಿ, ಜೀನ್‌ಗಳನ್ನು ಚಾಲೂ ಮಾಡುವ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನ್ ಪತ್ತೆಯಾಯಿತು. ಕ್ರಮೇಣ ಚರ್ಚೆ ಜೀವಕೋಶದ ಒಳಹೊಕ್ಕಿತು.

ಒಳಗೆ ನಡೆಯುವುದು ಹೀಗೆ. ಹೊಗೆಯಲ್ಲಿನ ಉತ್ಕರ್ಷಕಗಳು ಐಕೆಕೆ ಎಂಬ ಕಿಣ್ವವನ್ನು ಎಬ್ಬಿಸುತ್ತವೆ. ಎನ್‌ಎಫ್-ಕಪ್ಪಾ-ಬಿಯನ್ನು ಕಟ್ಟಿಹಾಕಿದ್ದ ಪ್ರೋಟೀನ್ ಆಗ ನಾಶವಾಗಿ, ಬಿಡುಗಡೆಯಾದ ಎನ್‌ಎಫ್-ಕಪ್ಪಾ-ಬಿ ಕೋಶಕೇಂದ್ರಕ್ಕೆ ಹೋಗಿ ಇಂಟರ್‌ಲ್ಯೂಕಿನ್-8, ಟಿಎನ್‌ಎಫ್‌ನಂಥ ಉರಿಯೂತದ ಸಂಕೇತಗಳ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಇಂಟರ್‌ಲ್ಯೂಕಿನ್-8 ನ್ಯೂಟ್ರೊಫಿಲ್‌ಗಳನ್ನು ಕರೆಯುತ್ತದೆ, ಅವು ಮತ್ತಷ್ಟು ಉತ್ಕರ್ಷಕಗಳನ್ನು ತರುತ್ತವೆ. ಕೋಶದ ಮೇಲ್ಮೈಯ ಇಜಿಎಫ್‌ಆರ್ ಎಂಬ ಗ್ರಾಹಕವೂ ಕೆರಳಿ ಕಫದ ಉತ್ಪಾದನೆ ಏರುತ್ತದೆ.

ಇಷ್ಟೇ ಆಗಿದ್ದರೆ ಸ್ಟೀರಾಯ್ಡ್ ಸಾಕಿತ್ತು. ಡಿಎನ್‌ಎ ಹಿಸ್ಟೋನ್ ಉಂಡೆಗಳಿಗೆ ದಾರ ಸುತ್ತಿದಂತೆ ಸುತ್ತಿಕೊಂಡಿರುತ್ತದೆ. ಹಿಸ್ಟೋನ್‌ಗೆ ಅಸಿಟೈಲ್ ಗುಂಪು ಅಂಟಿದರೆ ಸುತ್ತು ಸಡಿಲಗೊಂಡು ಉರಿಯೂತದ ಜೀನ್ ತೆರೆದುಕೊಳ್ಳುತ್ತದೆ. ಸ್ಟೀರಾಯ್ಡ್ ತಾನಾಗಿ ಅದನ್ನು ಮುಚ್ಚುವುದಿಲ್ಲ. ಅದರ ಗ್ರಾಹಕ ಎಚ್‌ಡಿಎಸಿ-2 ಎಂಬ ಕಿಣ್ವವನ್ನು ಅಲ್ಲಿಗೆ ಕರೆತರುತ್ತದೆ, ಅಸಿಟೈಲ್ ತೆಗೆಯುವುದು ಆ ಕಿಣ್ವ. ಹೊಗೆಯಿಂದ ಹುಟ್ಟುವ ಪೆರಾಕ್ಸಿನೈಟ್ರೈಟ್ ಎಂಬ ಉತ್ಕರ್ಷಕ ಈ ಕಿಣ್ವದ ಟೈರೊಸಿನ್ ಎಂಬ ಅಮೈನೊ ಆಮ್ಲಕ್ಕೆ ನೈಟ್ರೊ ಗುಂಪು ಅಂಟಿಸಿ ಅದನ್ನು ನಿಷ್ಕ್ರಿಯಗೊಳಿಸುತ್ತದೆ, ಪಿಐ3ಕೆ-ಡೆಲ್ಟಾ ಎಂಬ ಕಿಣ್ವದ ಸಂಕೇತದ ದಾರಿಯೂ ಅದನ್ನು ಕುಗ್ಗಿಸುತ್ತದೆ. ರೋಗ ಬಲಿತಷ್ಟೂ ಶ್ವಾಸಕೋಶದಲ್ಲಿ ಎಚ್‌ಡಿಎಸಿ-2 ಕಡಿಮೆಯಾಗುತ್ತದೆ ಎಂದು 2005ರಲ್ಲಿ ಲಂಡನ್ನಿನ ಇಟೊ, ಬಾರ್ನ್ಸ್ ತಂಡ ತೋರಿಸಿತು. ಕರೆಯುವವನಿದ್ದಾನೆ, ಬರುವವನಿಲ್ಲ. ಡೋಸ್ ಏರಿಸಿದರೆ ಈ ಕೊರತೆ ತುಂಬುವುದಿಲ್ಲ.

ಕಡಿಮೆ ಪ್ರಮಾಣದ ಥಿಯೋಫಿಲಿನ್ ಎಚ್‌ಡಿಎಸಿ-2ವನ್ನು ಚೇತರಿಸುತ್ತದೆ ಎಂದು ಪ್ರಯೋಗಾಲಯ ಹೇಳಿತು. ಹಳೆಯ, ಅಗ್ಗದ ಮಾತ್ರೆ. ಆಸೆ ಹುಟ್ಟಿದ್ದು ಸಹಜ. ಆದರೆ 1567 ಜನರ ಮೇಲೆ ಬ್ರಿಟನ್ನಿನಲ್ಲಿ ನಡೆದ ಟ್ವಿಕ್ಸ್ ಪ್ರಯೋಗ 2018ರಲ್ಲಿ ಬಂದಾಗ, ಉಲ್ಬಣಗಳ (ರೋಗ ಏಕಾಏಕಿ ಜೋರಾಗುವ ಪ್ರಸಂಗಗಳ) ಸಂಖ್ಯೆ ಇಳಿದಿರಲಿಲ್ಲ. ಮಾತ್ರೆ ಇನ್ನೂ ಚೀಟಿಗಳಲ್ಲಿ ಇದೆ. ಹಾಗಾಗಿ ಒಂದು ಎಚ್ಚರ: ಹೊಗೆ ಯಕೃತ್ತಿನ ಸಿವೈಪಿ1ಎ2 ಕಿಣ್ವವನ್ನು ಚುರುಕಾಗಿಸಿ ಥಿಯೋಫಿಲಿನ್ ಅನ್ನು ಬೇಗ ಹೊರಹಾಕಿಸುತ್ತದೆ. ಸೇದುವುದು ನಿಂತರೆ ಅದೇ ಡೋಸ್‌ಗೆ ರಕ್ತದ ಮಟ್ಟ ಏರಿ, ವಾಕರಿಕೆ, ಎದೆಬಡಿತ ಶುರುವಾಗಬಹುದು. ಡೋಸ್ ಇಳಿಸಬೇಕೇ ಎಂದು ವೈದ್ಯರನ್ನು ಆಗಲೇ ಕೇಳಬೇಕು.

ಒಂದೊಂದೇ ಸಂಕೇತವನ್ನು ತಡೆಯುವ ಯತ್ನಗಳೂ ಫಲ ಕೊಡಲಿಲ್ಲ. ಟಿಎನ್‌ಎಫ್ ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಸಿಒಪಿಡಿಯಲ್ಲಿ ಪ್ರಯೋಜನ ತೋರಿಸಲಿಲ್ಲ, ಪಿ38 ಎಂಬ ಇನ್ನೊಂದು ಸಂಕೇತ-ಕಿಣ್ವವನ್ನು ತಡೆಯುವ ಔಷಧಗಳೂ ಅಷ್ಟೇ. ಒಂದು ದಾರಿ ಮುಚ್ಚಿದರೆ ಉಳಿದವು ತೆರೆದೇ ಇರುತ್ತವೆ. ಇತ್ತ 2007ರ ಟಾರ್ಚ್ ಎಂಬ ಸಿಒಪಿಡಿ ಪ್ರಯೋಗದಲ್ಲಿ ನ್ಯುಮೋನಿಯಾ ಪ್ಲಸೀಬೊ (ಹುಸಿಮದ್ದು) ಗುಂಪಿನಲ್ಲಿ ಶೇ. 12.3, ಸ್ಟೀರಾಯ್ಡ್ ಇರುವ ಫ್ಲುಟಿಕಸೋನ್–ಸಾಲ್ಮೆಟೆರಾಲ್ ಪಡೆದವರಲ್ಲಿ ಶೇ. 19.6. ಎಲ್ಲರಿಗೂ ಸ್ಟೀರಾಯ್ಡ್ ಎಂಬ ರೂಢಿ ಅದಾದ ಮೇಲೂ ಸುಲಭಕ್ಕೆ ಹೋಗಲಿಲ್ಲ.

ಈಗ ಯಾರಿಗೆ ಸ್ಟೀರಾಯ್ಡ್ ಎಂಬ ಆಯ್ಕೆಗೆ ಆಧಾರ ರಕ್ತದಲ್ಲಿನ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳ ಎಣಿಕೆ. ಸಾಮಾನ್ಯ ಸಿಬಿಸಿ ರಕ್ತಪರೀಕ್ಷೆಯಲ್ಲೇ ಸಿಗುತ್ತದೆ. ಮೈಕ್ರೊಲೀಟರ್‌ಗೆ 300 ಮತ್ತು ಮೇಲಿದ್ದು ಪದೇ ಪದೇ ಉಲ್ಬಣಿಸುವವರಿಗೆ ಸ್ಟೀರಾಯ್ಡ್ ಇನ್ಹೇಲರ್ ಉಪಯುಕ್ತ, 100ಕ್ಕಿಂತ ಕೆಳಗಿದ್ದರೆ ಲಾಭ ತೀರಾ ಕಡಿಮೆ. ಎಣಿಕೆ ಹೆಚ್ಚಿರುವವರಿಗೆ 2024ರಲ್ಲಿ ಅಮೆರಿಕದಲ್ಲಿ ಡ್ಯುಪಿಲುಮ್ಯಾಬ್ ಎಂಬ ಚುಚ್ಚುಮದ್ದು ಒಪ್ಪಿಗೆ ಪಡೆಯಿತು. ನ್ಯೂಟ್ರೊಫಿಲ್ ದಾರಿಯವರಿಗೆ ಅಂಥದ್ದು ಇನ್ನೂ ಸಿಕ್ಕಿಲ್ಲ. ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವಾಗ ರಕ್ತ ಕೊಟ್ಟರೆ ಇಯೊಸಿನೊಫಿಲ್ ಸುಳ್ಳುಸುಳ್ಳೇ ಕಡಿಮೆ ಕಾಣುತ್ತದೆ. ಎಣಿಕೆ ಮಾಡಿಸುವುದಾದರೆ ಉಲ್ಬಣ ತಗ್ಗಿ, ಮಾತ್ರೆ ನಿಂತ ಮೇಲೆ.