ತೋಟಕ್ಕೂ ಮೊದಲು ತಾಲೂಕು ನೋಡಿ

ಬೆಂಗಳೂರಿನಿಂದ ನನ್ನ ಹತ್ತಿರ ಬರುವವರು ಸಾಮಾನ್ಯವಾಗಿ ಒಂದು ಸರ್ವೆ ನಂಬರ್ ಹಿಡಿದುಕೊಂಡೇ ಬರುತ್ತಾರೆ. "ಸರ್, ಎರಡು ಎಕರೆ ನೋಡಿದ್ದೇವೆ, ಬೋರ್‌ಗೆ ಪಾಯಿಂಟ್ ಮಾಡಿಕೊಡಿ." ಅಂತರ್ಜಲ ನೋಡುವುದೇ ನನ್ನ ಹೊಟ್ಟೆಪಾಡು, ಮಾಡಿಕೊಡುತ್ತೇನೆ. ಆದರೆ ಅದಕ್ಕೂ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ಆ ತಾಲೂಕನ್ನು ಯಾವ ತಿಂಗಳಲ್ಲಿ ನೋಡಿದಿರಿ?

ಉತ್ತರ ಹೆಚ್ಚಾಗಿ ಅಕ್ಟೋಬರ್, ಇಲ್ಲವೇ ನವೆಂಬರ್. ದಸರಾ ರಜೆ, ದೀಪಾವಳಿ ರಜೆ. ಮಳೆ ನಿಂತಿರುತ್ತದೆ, ಕೆರೆಯಲ್ಲಿ ನೀರಿರುತ್ತದೆ. ಆಗ ಹೋದರೆ ಪಾವಗಡವೂ ಹಸಿರಾಗಿಯೇ ಕಾಣುತ್ತದೆ. ಲಾಕ್‌ಡೌನ್ ಆದಮೇಲೆ ಬರುವವರಿಗೆ ಸುಮ್ನೆ ವೀಕೆಂಡ್ ಮನೆ ಸಾಲದು. ಪೇಟೆ ಬಂದ್ ಆದರೂ, ವಾರಗಟ್ಟಲೆ ಕರೆಂಟ್ ಇಲ್ಲದಿದ್ದರೂ ಸಂಸಾರ ನಡೆಯಬೇಕು ಅನ್ನುತ್ತಾರೆ. ಒಳ್ಳೆಯ ಆಸೆಯೇ. ಆದರೆ ಅಂಥ ಜಾಗ ಬೇಕಿದ್ದರೆ ತಾಲೂಕನ್ನು ಅದರ ಕೆಟ್ಟ ಕಾಲದಲ್ಲಿ ನೋಡಬೇಕು. ಬಯಲುಸೀಮೆಯಾದರೆ ಏಪ್ರಿಲ್-ಮೇ, ಮಲೆನಾಡಾದರೆ ಜುಲೈ-ಆಗಸ್ಟ್.

ನೀರಿನಿಂದ ಶುರು ಮಾಡೋಣ. ಹೊಸ ತಾಲೂಕಿಗೆ ಹೋದರೆ ನಾನು ಮೊದಲು ಹೋಗುವುದು ಮೋಟಾರ್ ರಿವೈಂಡಿಂಗ್ ಅಂಗಡಿಗೆ. ಅಲ್ಲಿ ನೆಲದ ಮೇಲೆ ಸಾಲಾಗಿ ಮಲಗಿಸಿದ ಸಬ್‌ಮರ್ಸಿಬಲ್ ಮೋಟಾರುಗಳೇ ಅರ್ಧ ಕಥೆ ಹೇಳುತ್ತವೆ. ಮೂರು, ಐದು ಎಚ್‌ಪಿಯವೇ ಜಾಸ್ತಿ ಇದ್ದರೆ ನೀರು ಇನ್ನೂ ಮೇಲೇ ಇದೆ. ಹನ್ನೆರಡೂವರೆ, ಹದಿನೈದು ಎಚ್‌ಪಿಯವು ತುಂಬಿದ್ದರೆ ಊರು ಪಾತಾಳದಿಂದ ನೀರು ಎತ್ತುತ್ತಿದೆ ಅಂತ ಅರ್ಥ. ಸುಟ್ಟ ಮೋಟಾರು ಎಷ್ಟು ಅಡಿಯಿಂದ ಎತ್ತಿದ್ದು ಅಂತ ಕೇಳಿ, ಹುಡುಗರು ಬಾಯಿಪಾಠ ಹೇಳುತ್ತಾರೆ. ಕೋಲಾರದ ಕಡೆ ಸಾವಿರ ಅಡಿ ದಾಟುವುದು ಮಾಮೂಲು.

ಆಮೇಲೆ ಪಕ್ಕದ ಜಮೀನಿನವರನ್ನು ಮಾತಾಡಿಸಿ. "ಬೋರಿನಲ್ಲಿ ಎಷ್ಟು ಇಂಚು ನೀರು ಬಿತ್ತು?" ಅಂತ ಎಲ್ಲರೂ ಕೇಳುತ್ತಾರೆ. "ಕೇಸಿಂಗ್ ಪೈಪು ಎಷ್ಟು ಅಡಿ ಇಳಿಸಿದಿರಿ?" ಅಂತ ಯಾರೂ ಕೇಳುವುದಿಲ್ಲ. ನನಗೆ ಬೇಕಾದ್ದು ಅದೇ. ಬೋರ್ ಕೊರೆಯುವಾಗ ಮೇಲಿನ ಮೆತ್ತಗಿನ ಪದರ ಕುಸಿಯದಂತೆ, ಗಟ್ಟಿ ಬಂಡೆ ಸಿಗುವವರೆಗೆ ಕೇಸಿಂಗ್ ಹಾಕುತ್ತಾರೆ. ಎಪ್ಪತ್ತು, ಎಂಬತ್ತು ಅಡಿ ಹೋಗಿದ್ದರೆ ಅಲ್ಲಿ ಕೊಳೆತ ಕಲ್ಲಿನ ಪದರ ದಪ್ಪಗಿದೆ, ಮಳೆನೀರನ್ನು ಸ್ಪಂಜಿನ ಹಾಗೆ ಹಿಡಿದಿಟ್ಟುಕೊಳ್ಳುತ್ತದೆ. ಇಪ್ಪತ್ತೇ ಅಡಿಗೆ ಬಂಡೆ ಸಿಕ್ಕಿದ್ದರೆ ನೀರು ಬಿರುಕಿನಲ್ಲಿ ಮಾತ್ರ. ಇವತ್ತು ಮೂರು ಇಂಚು ಬಿದ್ದ ಬೋರು ಎರಡು ಬರಗಾಲಕ್ಕೆ ಬತ್ತಬಹುದು. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಅದರ ಮುಂದಿನ ಬೇಸಿಗೆ ದಾಟಿದ ಬೋರು ಊರಲ್ಲಿ ಎಷ್ಟಿವೆ ಅಂತ ಕೇಳಿಕೊಂಡು ಬನ್ನಿ. ತೆರೆದ ಬಾವಿ ಇದ್ದರೆ ಮೇ ತಿಂಗಳಲ್ಲಿ ಒಮ್ಮೆ ಬಗ್ಗಿ ನೋಡಿ. ಮೇ ತಿಂಗಳಲ್ಲೂ ತಳದಲ್ಲಿ ನಾಲ್ಕಡಿ ನೀರಿದ್ದರೆ ಆ ಊರಿನ ಮೇಲೆ ನನಗೆ ನಂಬಿಕೆ ಬರುತ್ತದೆ.

ನೀರಿದ್ದರೂ ಕುಡಿಯಲು ಆಗಬೇಕಲ್ಲ. ಪಾವಗಡ, ಮುಂಡರಗಿ, ಕೋಲಾರದ ಕಡೆ ಫ್ಲೋರೈಡ್ ಹಳೆಯ ತೊಂದರೆ. ಒಂದು ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯುವಂತಿಲ್ಲ. ಕರೆಂಟ್ ಹೋದಾಗ ಅದನ್ನು ಸೋಸಿ ತೆಗೆಯುವ ಆರ್‌ಒ ಪ್ಲಾಂಟೂ ನಿಲ್ಲುತ್ತದೆ, ಇದು ಯಾರಿಗೂ ಹೊಳೆಯುವುದಿಲ್ಲ. ಅಂಥ ಕಡೆ ಮಳೆನೀರೇ ಗತಿ, ಲೆಕ್ಕವೂ ಸುಲಭ. ಸಾವಿರ ಚದರಡಿ ಸೂರಿನ ಮೇಲೆ ವರ್ಷಕ್ಕೆ 500 ಮಿ.ಮೀ. ಮಳೆ ಬಿದ್ದರೆ, ಪೋಲಾಗಿದ್ದನ್ನು ಕಳೆದು ಸುಮಾರು 37,000 ಲೀಟರ್ ಸಿಗುತ್ತದೆ. ನಾಲ್ಕು ಜನರ ಕುಡಿಯುವ ನೀರಿಗೆ, ಅಡಿಗೆಗೆ ದಿನಕ್ಕೆ 100 ಲೀಟರ್ ಅಂದರೆ ಒಂದು ವರ್ಷ. ಬರಗಾಲಕ್ಕೆ ಅರ್ಧ ಅಂತ ಇಟ್ಟುಕೊಳ್ಳಿ. ಖರ್ಚೆಲ್ಲ ಇರುವುದು ಅದನ್ನು ಕೂಡಿಡುವ ತೊಟ್ಟಿಯಲ್ಲಿ.

ಇಷ್ಟು ಕೇಳಿದ ಮೇಲೆ ಎಲ್ಲರೂ "ಹಾಗಾದರೆ ಸಕಲೇಶಪುರವೇ ಸರಿ ಅಲ್ವಾ?" ಅನ್ನುತ್ತಾರೆ. ಅಲ್ಲಿ ನೀರಿದೆ, ಒಪ್ಪಿದೆ. ಆದರೆ 2024ರ ಜುಲೈ ನೆನಪಿಸಿಕೊಳ್ಳಿ. ದೊಡ್ಡತಪ್ಪಲೆಯಲ್ಲಿ ಗುಡ್ಡ ಕುಸಿದು ಶಿರಾಡಿ ಘಾಟ್ ಬಂದ್ ಆಯಿತು, ಎಡಕುಮರಿ-ಕಡಗರವಳ್ಳಿ ನಡುವೆ ರೈಲು ಹಳಿಯ ಕೆಳಗಿನ ಮಣ್ಣೇ ಜಾರಿತು. ದೊಡ್ಡ ದಾರಿಗಳದೇ ಈ ಗತಿಯಾದರೆ ನಿಮ್ಮ ಎಸ್ಟೇಟಿನ ಮಣ್ಣುರಸ್ತೆ ಏನಾಗಬೇಕು? ಮಲೆನಾಡಿನಲ್ಲಿ ಮನೆ ಜಾಗಕ್ಕೆ ಬೆಲೆ ಕಟ್ಟುವುದು ವ್ಯೂ ನೋಡಿ. ವ್ಯೂ ಇರುವುದು ಇಳಿಜಾರಿನಲ್ಲಿ. ಅಲ್ಲಿ ಮನೆ ಕಟ್ಟಬೇಕಾದರೆ ಗುಡ್ಡ ಕಡಿದು ಸಮ ಮಾಡಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಜಾರಿದಾಗ ಹೀಗೆ ಕಡಿದ ಜಾಗಗಳ ಮಾತು ತುಂಬ ಬಂತು. ಮರಗಳು ಬುಡದಲ್ಲೇ ಬಾಗಿ ಮೇಲೆದ್ದಿದ್ದರೆ, ಗುಡ್ಡದ ನೆತ್ತಿಯಲ್ಲಿ ಉದ್ದ ಬಿರುಕಿದ್ದರೆ, ಇಲ್ಲದ ಕಡೆ ಹೊಸದಾಗಿ ಕೆಸರು ನೀರು ಜಿನುಗುತ್ತಿದ್ದರೆ ನಾನು ಅಲ್ಲಿಗೆ ಪಾಯಿಂಟ್ ಮಾಡಲು ಹೋಗುವುದೇ ಇಲ್ಲ. ಆನೆ ಕಾಟವಂತೂ ಅಲ್ಲಿಯವರನ್ನೇ ಕೇಳಬೇಕು. ಸಂಜೆ ಆರರ ಮೇಲೆ ಮನೆಯಿಂದ ಹೊರಡುತ್ತೀರಾ ಅಂತ ಕೇಳಿ, ಸಾಕು.

ಸೋಲಾರ್ ಹಾಕಿಸಿಕೊಂಡರೆ ಕರೆಂಟಿನ ಚಿಂತೆ ಇಲ್ಲ ಅನ್ನುವವರಿಗೂ ಒಂದು ಮಾತು. ಜುಲೈನಲ್ಲಿ ಮಲೆನಾಡಿನಲ್ಲಿ ಬಿಸಿಲೇ ಬೀಳುವುದಿಲ್ಲ. ಮರ ಬಿದ್ದು ಲೈನ್ ಹೋದರೆ, ಬ್ಯಾಟರಿ ಖಾಲಿಯಾದ ಮೇಲೆ ಮೊಬೈಲ್ ಟವರ್ ಕೂಡ ಸತ್ತುಹೋಗುತ್ತದೆ. 108ಕ್ಕೆ ಫೋನ್ ಮಾಡಲು ಸಿಗ್ನಲ್ ಬೇಕು, ಬಂದ ಆಂಬ್ಯುಲೆನ್ಸಿಗೆ ದಾರಿ ಬೇಕು. ಹಾವು ಕಚ್ಚಿದರೆ ರಾತ್ರಿ ಎರಡು ಗಂಟೆಗೆ ಔಷಧಿ ಎಲ್ಲಿ ಸಿಗುತ್ತದೆ? ತಾಲೂಕು ಆಸ್ಪತ್ರೆಗೆ ಹೋಗಿ ಅಲ್ಲಿನ ನರ್ಸ್ ಹತ್ತಿರ ಕೇಳಿ, ಬೇಸರ ಮಾಡಿಕೊಳ್ಳುವುದಿಲ್ಲ.

ಕಾಗದಪತ್ರ ವಕೀಲರ ಕೆಲಸ, ನನ್ನದಲ್ಲ. ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯ ನಂತರ ರೈತರಲ್ಲದವರಿಗೂ ಜಮೀನು ಕೊಳ್ಳಲು ದಾರಿಯಾಯಿತು, ನಿಜ. ಆದರೆ ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ 1978ರ ಕಾಯ್ದೆಯ ಪ್ರಕಾರ ಅದು ಕೈಬಿಟ್ಟು ಹೋಗುತ್ತದೆ. ಇನ್ನೊಂದು, ನಿಮ್ಮ ಜಮೀನಿಗೆ ಹೋಗುವ ರಸ್ತೆ ನಕಾಶೆಯಲ್ಲಿ ಇದೆಯಾ, ಇಲ್ಲ ಪಕ್ಕದವರ ದಾಕ್ಷಿಣ್ಯದ ಮೇಲೆ ನಡೆಯುತ್ತಿದೆಯಾ ಅಂತ ಖಾತ್ರಿ ಮಾಡಿಕೊಳ್ಳಿ.

ನನ್ನನ್ನೇ ಕೇಳಿದರೆ ಹಾನಗಲ್, ಶಿಕಾರಿಪುರದ ಕಡೆಯ ಅರೆಮಲೆನಾಡು ಅನ್ನುತ್ತೇನೆ. ಫೋಟೋಗೆ ಅಷ್ಟೇನೂ ಚೆಂದವಿಲ್ಲ. ನೆಲ ಹೆಚ್ಚುಕಡಿಮೆ ಸಮ, ಮಳೆ ಹದ, ಕೆರೆಗಳು ಬೇಕಾದಷ್ಟು. ಭತ್ತ, ಜೋಳ, ತರಕಾರಿ, ಎಮ್ಮೆ ಎಲ್ಲಕ್ಕೂ ಒಗ್ಗುವ ಊರುಗಳು. ಅಡಿಕೆ ತೋಟ ಹೆಚ್ಚಿದ ಹಾಗೆ ಬೋರ್ ಲಾರಿಗಳೂ ಹೆಚ್ಚುತ್ತಿವೆ. ಹಾಗಾಗಿ ಅಲ್ಲೂ ಕೇಸಿಂಗ್ ಲೆಕ್ಕ ಕೇಳದೆ ಅಡ್ವಾನ್ಸ್ ಕೊಡಬೇಡಿ.

ಯಾವ ತಾಲೂಕೇ ಆಗಲಿ, ಕೊಳ್ಳುವ ಮೊದಲು ಒಂದು ವರ್ಷ ಬಾಡಿಗೆಗೆ ಇರಿ. ಹಳ್ಳಿಯಲ್ಲಿ ಬಾಡಿಗೆ ಮನೆ ಎಲ್ಲಿ ಸಿಗುತ್ತದೆ ಅಂತೀರಾ? ಹೋಬಳಿ ಕೇಂದ್ರದಲ್ಲಿ ಶಾಲೆ ಮೇಷ್ಟ್ರು, ಬ್ಯಾಂಕಿನವರು, ನರ್ಸುಗಳು ಬಾಡಿಗೆಗೇ ಇರುತ್ತಾರೆ. ಅವರು ಖಾಲಿ ಮಾಡುವುದು ವರ್ಗಾವಣೆ ಕಾಲದಲ್ಲಿ, ಮೇ-ಜೂನ್ ಹೊತ್ತಿಗೆ. ಆಗ ಹೋಗಿ ವಿಚಾರಿಸಿ.