ಪದ ಪರಿಚಯ: ಆನ್ಸಿ ಲ್ಯೂಮೆನ್

ನಮ್ಮ ಮನೆಯ ಪ್ರೊಜೆಕ್ಟರ್ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ '9000 ಲ್ಯೂಮೆನ್' ಎಂದಿದೆ. ಅಂಗೈಗಿಂತ ಸ್ವಲ್ಪ ದೊಡ್ಡದು, ಬೆಲೆಯೂ ಕಡಿಮೆ. ಐಪಿಎಲ್ ಶುರುವಾಗುವ ವಾರ ಆನ್‌ಲೈನಿನಲ್ಲಿ ತರಿಸಿದ್ದೆ. ಟೆರೇಸ್ ಮೇಲೆ ಬಟ್ಟೆ ಒಣಹಾಕುವ ತಂತಿಗೆ ಅಪ್ಪನ ಬಿಳಿ ಪಂಚೆ ಕಟ್ಟಿದೆ. ಚಾಪೆ ಹಾಸಿ, ಪಕ್ಕದ ಮನೆಯವರನ್ನೂ ಕರೆದು, ಏಳೂವರೆ ಮ್ಯಾಚಿಗೆ ಏಳಕ್ಕೆ ಮೊದಲೇ ಆನ್ ಮಾಡಿದೆ. ಪಂಚೆಯ ಮೇಲೆ ಏನೋ ಓಡಾಡುತ್ತಿತ್ತು. ಪಕ್ಕದ ಮನೆ ಅಜ್ಜಿ "ಏನಪ್ಪಾ, ಮೋಡ ತೋರಿಸ್ತಾ ಇದೀಯಾ?" ಅಂದರು. ಟಾಸ್ ಯಾರು ಗೆದ್ದರು ಅಂತ ಗೊತ್ತಾಗಿದ್ದು ಫೋನ್ ನೋಡಿದ ಮೇಲೆ.

ಡಬ್ಬದ ಮೇಲಿನ 9000ಕ್ಕೂ ಪಂಚೆಗೆ ಬಿದ್ದ ಬೆಳಕಿಗೂ ಸಂಬಂಧವೇ ಇರಲಿಲ್ಲ. ನಾನು ಹುಡುಕಬೇಕಾಗಿದ್ದ ಪದ ಬೇರೆ. ಅದು ಆನ್ಸಿ ಲ್ಯೂಮೆನ್.

ಮೊದಲು ಬರೀ ಲ್ಯೂಮೆನ್ ಅಂದರೆ ಏನು ನೋಡೋಣ. ಲ್ಯಾಟಿನ್ನಿನಲ್ಲಿ ಲ್ಯೂಮೆನ್ ಎಂದರೆ ಬೆಳಕು. ಒಂದು ದೀಪ ಎಲ್ಲ ದಿಕ್ಕಿಗೂ ಸೇರಿಸಿ ಒಟ್ಟು ಎಷ್ಟು ಬೆಳಕು ಕೊಡುತ್ತದೆ ಎನ್ನುವ ಅಳತೆ ಇದು. ಮನೆಯಲ್ಲಿರುವ 9 ವ್ಯಾಟಿನ ಎಲ್‌ಇಡಿ ಬಲ್ಬಿನ ಡಬ್ಬ ನೋಡಿ, 900ರ ಆಸುಪಾಸು ಇರುತ್ತದೆ. ಹಳೆಯ 60 ವ್ಯಾಟಿನ ಗಾಜಿನ ಬಲ್ಬು ಸುಮಾರು 700 ಲ್ಯೂಮೆನ್ ಕೊಡುತ್ತಿತ್ತು. ನಮ್ಮ ಕಡೆ ಅದನ್ನು 'ಅರವತ್ತು ಕ್ಯಾಂಡಲ್ ಬಲ್ಬು' ಎನ್ನುತ್ತಿದ್ದರು. ರಾತ್ರಿ ಉರಿಯುವುದು ಝೀರೋ ಕ್ಯಾಂಡಲ್. ವ್ಯಾಟನ್ನು ಕ್ಯಾಂಡಲ್ ಎನ್ನುವುದು ತಪ್ಪು ಅಂತ ಮೇಷ್ಟ್ರು ತಿದ್ದುತ್ತಿದ್ದರು. ಆದರೆ ಲೆಕ್ಕ ಹಾಕಿ ನೋಡಿದರೆ ಒಂದು ತಮಾಷೆ ಇದೆ. ಕ್ಯಾಂಡೆಲಾ ಎಂದರೆ ಒಂದು ದಿಕ್ಕಿಗೆ ಬೀಳುವ ಬೆಳಕಿನ ಅಳತೆ, ಹೆಚ್ಚುಕಡಿಮೆ ಒಂದು ಮೇಣದಬತ್ತಿಯಷ್ಟು. ಸುತ್ತಲೂ ಒಂದೇ ಸಮನೆ ಬೆಳಗುವ ಒಂದು ಕ್ಯಾಂಡೆಲಾ ದೀಪದಿಂದ 12.57 ಲ್ಯೂಮೆನ್ ಬರುತ್ತದೆ. 700ನ್ನು 12.57ರಿಂದ ಭಾಗಿಸಿದರೆ ಸುಮಾರು 56. ಅಂದರೆ ಅರವತ್ತು ಕ್ಯಾಂಡಲ್ ಅಂದವರು ಗೊತ್ತಿಲ್ಲದೇ ಹತ್ತಿರಹತ್ತಿರ ಸರಿಯಾಗಿಯೇ ಹೇಳುತ್ತಿದ್ದರು!

ಈಗ ನನ್ನ 9000ಕ್ಕೆ ಬನ್ನಿ. ಅದು ನಿಜವಾದರೆ ಹತ್ತು ಎಲ್‌ಇಡಿ ಬಲ್ಬುಗಳ ಬೆಳಕೆಲ್ಲ ಹೆಬ್ಬೆರಳಗಲದ ಒಂದು ಲೆನ್ಸಿನಿಂದ ಹೊರಬರಬೇಕು. ಅದಕ್ಕೆ ಕೊಟ್ಟಿರುವ ಅಡಾಪ್ಟರ್ 65 ವ್ಯಾಟಿನದು. ವ್ಯಾಟಿಗೆ 138 ಲ್ಯೂಮೆನ್ ಆಯಿತು. ಸುಮ್ನೆ ಉರಿಯುವ ಬಲ್ಬೇ ವ್ಯಾಟಿಗೆ 100 ಕೊಡುವಾಗ, ಬೆಳಕನ್ನು ಹತ್ತು ಕಡೆ ಸೋಸಿ ಚಿತ್ರ ಮಾಡುವ ಯಂತ್ರ ಅದಕ್ಕಿಂತ ಜಾಸ್ತಿ ಕೊಡುವುದು ಹೇಗೆ? ಕೊಳ್ಳುವ ಮೊದಲು ಈ ಒಂದು ಭಾಗಾಕಾರ ಮಾಡಿದ್ದರೆ ಸಾಕಿತ್ತು.

ಸೋಸುವುದು ಅಂದೆನಲ್ಲ, ಅಲ್ಲೇ ಬೆಳಕು ಸೋರಿಹೋಗುವುದು. ಅಗ್ಗದ ಪ್ರೊಜೆಕ್ಟರುಗಳಲ್ಲಿ ಚಿತ್ರ ಮೂಡಿಸುವ ಒಂದು ಸಣ್ಣ ಎಲ್‌ಸಿಡಿ ಫಲಕ ಇರುತ್ತದೆ. ಅದರ ಹಿಂದೆ ಎಲ್‌ಇಡಿ ದೀಪ. ಬೆಳಕು ಮೊದಲು ಪೋಲರೈಸರ್ ಎಂಬ ಹಾಳೆ ದಾಟಬೇಕು, ಅರ್ಧಕ್ಕಿಂತ ಹೆಚ್ಚು ಅಲ್ಲೇ ಹೋಯಿತು. ಆಮೇಲೆ ಕೆಂಪು, ಹಸಿರು, ನೀಲಿಯ ಪುಟಾಣಿ ಫಿಲ್ಟರುಗಳು. ಪ್ರತಿಯೊಂದೂ ತನ್ನ ಬಣ್ಣ ಮಾತ್ರ ಬಿಟ್ಟು ಉಳಿದದ್ದನ್ನು ನುಂಗುತ್ತದೆ. ಕೊನೆಗೆ ಲೆನ್ಸ್. ಒಳಗೆ ದೀಪ ಎಷ್ಟು ಉರಿಯುತ್ತದೆ ಎಂದು ಹೇಳಿದರೆ ಅದು 'ಲೈಟ್ ಸೋರ್ಸ್ ಲ್ಯೂಮೆನ್'. ಪರದೆಗೆ ಎಷ್ಟು ಮುಟ್ಟಿತು ಎನ್ನುವುದೇ ಬೇರೆ ಮಾತು. ಕೆಲವರು 'ಎಲ್‌ಇಡಿ ಲ್ಯೂಮೆನ್' ಎಂದೂ ಹಾಕುತ್ತಾರೆ. ಅಚ್ಚ ಬಣ್ಣದ ಬೆಳಕು ಮೀಟರ್ ತೋರಿಸುವುದಕ್ಕಿಂತ ಜಾಸ್ತಿ ಹೊಳೆದಂತೆ ಕಣ್ಣಿಗೆ ಕಾಣುತ್ತದೆ, ಅದಕ್ಕೇ ನಮ್ಮ ಸಂಖ್ಯೆ ದೊಡ್ಡದು ಎನ್ನುವುದು ಅವರ ವಾದ. ಅದರಲ್ಲಿ ಒಂದಿಷ್ಟು ಸತ್ಯ ಇದೆ. ಆದರೆ ಅದೇ ನೆಪದಲ್ಲಿ ಸೊನ್ನೆ ಮೇಲೆ ಸೊನ್ನೆ ಸೇರಿಸುವವರೂ ಇದ್ದಾರೆ. ಅಮೆರಿಕದಲ್ಲಿ ಹೀಗೆ ಲ್ಯೂಮೆನ್ ಉಬ್ಬಿಸಿ ಹೇಳಿದರು ಎಂದು ಎಪ್ಸನ್ ಕಂಪನಿ ಹಲವು ಮಾರಾಟಗಾರರ ಮೇಲೆ ಕೋರ್ಟಿಗೂ ಹೋಗಿದೆ.

ಈ ಗೊಂದಲ ಬೇಡ, ಎಲ್ಲರೂ ಒಂದೇ ರೀತಿ ಅಳೆಯೋಣ ಎಂದು ಬಂದದ್ದು ಆನ್ಸಿ ಲ್ಯೂಮೆನ್. ಆನ್ಸಿ ಎನ್ನುವುದು ಅಮೆರಿಕನ್ ನ್ಯಾಷನಲ್ ಸ್ಟ್ಯಾಂಡರ್ಡ್ಸ್ ಇನ್‌ಸ್ಟಿಟ್ಯೂಟ್ ಹೆಸರಿನ ಮೊದಲಕ್ಷರಗಳು. 1992ರಲ್ಲಿ ಅದು ಪ್ರೊಜೆಕ್ಟರ್ ಅಳೆಯುವ ಕ್ರಮವೊಂದನ್ನು ಹೊರತಂದಿತು. ಕ್ರಮ ಬಹಳ ಸರಳ. ಕತ್ತಲೆ ಕೋಣೆಯಲ್ಲಿ ಪರದೆಗೆ ಬಿಳಿ ಬೆಳಕು ಬಿಡುತ್ತಾರೆ. ಆ ಚೌಕವನ್ನು ಮೂರು ಸಾಲು, ಸಾಲಿಗೆ ಮೂರರಂತೆ ಒಂಬತ್ತು ಮನೆ ಮಾಡುತ್ತಾರೆ. ದೇವಸ್ಥಾನದಲ್ಲಿ ನವಗ್ರಹಗಳು ನಿಂತಿರುತ್ತವಲ್ಲ, ಹಾಗೆ. ಒಂದೊಂದು ಮನೆಯ ನಡುವೆ ಮೀಟರ್ ಹಿಡಿದು ಬೆಳಕು ಅಳೆದು, ಒಂಬತ್ತರ ಸರಾಸರಿ ತೆಗೆದು, ಚಿತ್ರದ ವಿಸ್ತೀರ್ಣದಿಂದ ಗುಣಿಸುತ್ತಾರೆ. ಬಂದದ್ದೇ ಆನ್ಸಿ ಲ್ಯೂಮೆನ್. ಒಂಬತ್ತು ಕಡೆ ಯಾಕೆ? ನಡುವೆ ಮಾತ್ರ ಅಳೆದರೆ ಮೂಲೆಗಳು ಮಂಕಾಗಿರುವುದು ಮುಚ್ಚಿಹೋಗುತ್ತದೆ. ಸ್ಕೋರ್ ಬರುವುದು ಪರದೆಯ ಕೆಳಗಿನ ಅಂಚಿನಲ್ಲಿ ಅಲ್ವಾ! ಈಗ ಅನೇಕ ಕಂಪನಿಗಳು 'ಐಎಸ್‌ಒ ಲ್ಯೂಮೆನ್' ಎಂದು ಬರೆಯುತ್ತವೆ. ಅದು ಐಎಸ್‌ಒ 21118 ಎಂಬ ಮಾನದಂಡದ್ದು, ಇದಕ್ಕೆ ಹತ್ತಿರದ ನೆಂಟ. ಎರಡರಲ್ಲಿ ಯಾವುದಿದ್ದರೂ ಹೆಚ್ಚುಕಡಿಮೆ ನಂಬಬಹುದು. ಎರಡೂ ಇಲ್ಲದೆ ಬರೀ ಲ್ಯೂಮೆನ್ ಎಂದಿದ್ದರೆ ಹುಷಾರು.

ಮನೆಯಲ್ಲೂ ಒರಟಾಗಿ ಅಳೆಯಬಹುದು. ಆಂಡ್ರಾಯ್ಡ್ ಫೋನಿನ ಮುಂಭಾಗದಲ್ಲಿ ಬೆಳಕಿನ ಸೆನ್ಸಾರ್ ಇರುತ್ತದೆ, ಲಕ್ಸ್ ಮೀಟರ್ ಆ್ಯಪ್‌ಗಳು ಅದನ್ನು ಓದುತ್ತವೆ. ಲಕ್ಸ್ ಎಂದರೆ ಸೋಪಲ್ಲ, ಒಂದು ಚದರ ಮೀಟರಿಗೆ ಬಿದ್ದ ಲ್ಯೂಮೆನ್. ಮಾಮೂಲಿ ಅಗಲಪರದೆಯ ಲೆಕ್ಕದಲ್ಲಿ 60 ಇಂಚಿನ ಚಿತ್ರ ಹೆಚ್ಚುಕಡಿಮೆ ಒಂದೇ ಚದರ ಮೀಟರ್. ಹಾಗಾಗಿ 60 ಇಂಚಿಗೆ ಹೊಂದಿಸಿ, ಒಂಬತ್ತು ಜಾಗದಲ್ಲಿ ಫೋನನ್ನು ಪ್ರೊಜೆಕ್ಟರ್ ಕಡೆ ಮುಖ ಮಾಡಿ ಹಿಡಿದರೆ, ಬಂದ ಸರಾಸರಿಯೇ ನಿಮ್ಮ ಲ್ಯೂಮೆನ್. ನನ್ನ 9000ದವನದು 140 ಬಂತು. ಫೋನಿನ ಸೆನ್ಸಾರ್ ಹಾಗೂ ಹೀಗೂ ತೋರಿಸುತ್ತದೆ, ಒಪ್ಪಿದೆ. ಆದರೂ ಇಷ್ಟು ದೂರವೇ!

ಬೈದುಕೊಂಡು ಮೂಲೆಗೆ ಎಸೆಯಬೇಕು ಅಂದುಕೊಂಡಿದ್ದೆ. ಆದರೆ 140 ಎನ್ನುವುದು ಕೆಲಸಕ್ಕೆ ಬಾರದ ಸಂಖ್ಯೆಯೇನಲ್ಲ, ತಪ್ಪು ನನ್ನ ಪಂಚೆಯದ್ದೂ ಇತ್ತು. ಆವತ್ತು ನಾನು ಚಿತ್ರವನ್ನು 120 ಇಂಚಿಗೆ ಎಳೆದಿದ್ದೆ. ಬೆಳಗ್ಗೆ ಬಾಗಿಲಿಗೆ ನೀರು ಹಾಕುವವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಚೊಂಬು ನೀರನ್ನು ರಂಗೋಲಿ ಬಿಡುವ ಜಾಗಕ್ಕಷ್ಟೇ ಚಿಮುಕಿಸಿದರೆ ನೆಲ ಚೆನ್ನಾಗಿ ನೆನೆಯುತ್ತದೆ. ಅದೇ ಚೊಂಬನ್ನು ಇಡೀ ಅಂಗಳಕ್ಕೆ ಹಾಕಿದರೆ ಧೂಳೂ ಅಡಗುವುದಿಲ್ಲ. ಲ್ಯೂಮೆನ್ ಅಂದರೆ ಚೊಂಬಿನ ನೀರು. ಲಕ್ಸ್ ಅಂದರೆ ನೆಲ ಎಷ್ಟು ನೆನೆಯಿತು ಅನ್ನುವುದು. ಟಿವಿ, ಪರದೆಗಳ ಇಂಚು ಮೂಲೆಯಿಂದ ಮೂಲೆಗೆ ಅಳೆದದ್ದು. 60 ಇಂಚನ್ನು 120 ಮಾಡಿದರೆ ಅಗಲವೂ ಎರಡರಷ್ಟು, ಎತ್ತರವೂ ಎರಡರಷ್ಟು, ವಿಸ್ತೀರ್ಣ ನಾಲ್ಕರಷ್ಟು. 140 ಲಕ್ಸ್ ಇದ್ದದ್ದು 35ಕ್ಕೆ ಇಳಿಯಿತು.

ಥಿಯೇಟರಿನಲ್ಲಿ ಬಿಳಿ ಎಷ್ಟು ಬೆಳ್ಳಗಿರಬೇಕು ಎನ್ನುವುದಕ್ಕೆ ಡಿಜಿಟಲ್ ಸಿನಿಮಾದವರ ಲೆಕ್ಕ ಚದರ ಮೀಟರಿಗೆ 48 ಕ್ಯಾಂಡೆಲಾ. ಮಾಮೂಲಿ ಬಿಳಿ ಪರದೆಯಲ್ಲಿ ಅಷ್ಟು ಕಾಣಬೇಕಾದರೆ ಸುಮಾರು 150 ಲಕ್ಸ್ ಬೀಳಬೇಕು. ಅಂದರೆ ಪೂರ್ತಿ ಕತ್ತಲೆಯಲ್ಲಿ 60 ಇಂಚಿಗೆ 150 ಲ್ಯೂಮೆನ್ ಸಾಕು, 100 ಇಂಚಿಗೆ 415, 120 ಇಂಚಿಗೆ 600. ನನ್ನ ಬಡ ಯಂತ್ರ 60 ಇಂಚಿಗೆ ಹತ್ತಿರಹತ್ತಿರ ಥಿಯೇಟರಿನಷ್ಟೇ ಬೆಳಕು ಕೊಡುತ್ತಿತ್ತು. ಕತ್ತಲೆ ಇದ್ದರೆ ಮಾತ್ರ.

ಆ 'ಇದ್ದರೆ'ಯಲ್ಲೇ ಎಲ್ಲ ಇರುವುದು. ಪ್ರೊಜೆಕ್ಟರಿಗೆ ಕಪ್ಪು ಬಣ್ಣ ಬಿಡಿಸಲು ಬರುವುದಿಲ್ಲ. ಕಪ್ಪು ಬೇಕಾದ ಕಡೆ ಅದು ಬೆಳಕು ಬಿಡುವುದಿಲ್ಲ, ಅಷ್ಟೇ. ಆಗ ಅಲ್ಲಿ ಕಾಣುವುದು ಪಂಚೆಯ ಬಣ್ಣ. ಬೀದಿದೀಪ ಪಂಚೆಗೆ 10 ಲಕ್ಸ್ ಸುರಿಯುತ್ತಿದೆ ಅನ್ನಿ. ಆಗ ಚಿತ್ರದ ಕಪ್ಪು 10, ಬಿಳಿ 45. ಕಪ್ಪಿಗಿಂತ ಬಿಳಿ ನಾಲ್ಕೂವರೆ ಪಟ್ಟು ಮಾತ್ರ. ಅದೇ 60 ಇಂಚಿಗೆ ಇಳಿಸಿದರೆ ಬಿಳಿ 150, ಕಪ್ಪು 10, ಹದಿನೈದು ಪಟ್ಟು. ಸಿನಿಮಾದ ರಾತ್ರಿ ದೃಶ್ಯಗಳಿಗೆ ಇದೂ ಸಾಲದು. ಕ್ರಿಕೆಟ್ ಪುಣ್ಯಕ್ಕೆ ಹಸಿರು ಹುಲ್ಲು, ಬಣ್ಣದ ಜೆರ್ಸಿ, ಫ್ಲಡ್‌ಲೈಟಿನ ಆಟ. ಇಡೀ ಚಿತ್ರವೇ ಬೆಳಕಾಗಿರುತ್ತದೆ. ಒಂದೇ ಕಷ್ಟ, ಸಿಕ್ಸರಿಗೆ ಎತ್ತಿದ ಚೆಂಡು. ಬಿಳಿ ಚೆಂಡು ಕಪ್ಪು ಆಕಾಶಕ್ಕೆ ಹೋದಾಗ, ಆಕಾಶ ಬೂದಿ ಬಣ್ಣಕ್ಕೆ ತಿರುಗಿದ್ದರೆ ಚೆಂಡು ಅಲ್ಲೇ ಕರಗಿಹೋಗುತ್ತದೆ. ಬೌಂಡರಿಯಲ್ಲಿ ಯಾರೋ ಕೈ ಚಾಚಿದಾಗಲೇ ಅದು ಮತ್ತೆ ಕಾಣುವುದು.

ಹಾಗಾಗಿ ಲ್ಯೂಮೆನ್ ಜಾಸ್ತಿ ಮಾಡಲು ದುಡ್ಡು ಸುರಿಯುವ ಮೊದಲು ಕತ್ತಲೆ ಜಾಸ್ತಿ ಮಾಡುವುದು ಅಗ್ಗ. ಪಂಚೆಯ ಬೆನ್ನು ಬೀದಿದೀಪದ ಕಡೆಗಿದ್ದರೆ ಸಾಲದು, ತೆಳು ಬಟ್ಟೆಯೊಳಗಿಂದ ಬೆಳಕು ತೂರಿ ಬರುತ್ತದೆ. ಪ್ರೊಜೆಕ್ಟರಿನ ಬೆಳಕೂ ಹಾಗೆಯೇ ಹಿಂದಕ್ಕೆ ಸೋರುತ್ತದೆ. ಪಂಚೆಯ ಹಿಂದೆ ಒಂದು ಕಪ್ಪು ಬೆಡ್‌ಶೀಟ್ ಕಟ್ಟಿದರೆ ಬೀದಿಯ ಬೆಳಕಾದರೂ ನಿಲ್ಲುತ್ತದೆ. ಟ್ಯಾಂಕಿನ ಕೆಳಗಿನ ಸುಣ್ಣ ಹೊಡೆದ ಗೋಡೆ ಇದ್ದರೆ ಇನ್ನೂ ಒಳ್ಳೆಯದು. ಗಾಳಿಗೆ ಅಲ್ಲಾಡುವುದಿಲ್ಲ, ಬೆಳಕು ಆಚೆ ಹೋಗುವುದಿಲ್ಲ. ನಾನೀಗ ಅಲ್ಲೇ 70 ಇಂಚಿಗೆ ನೋಡುವುದು.

ಟೆಂಟ್ ಸಿನಿಮಾದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವರ ಬಳಿ ಕಾರ್ಬನ್ ಕಡ್ಡಿ ಉರಿಸುವ ದೊಡ್ಡ ದೀಪವೇ ಇತ್ತು. ಆದರೂ ಆಟ ಶುರುವಾಗುತ್ತಿದ್ದುದು ಹೊತ್ತು ಮುಳುಗಿದ ಮೇಲೆ. ಮೈಕಿನಲ್ಲಿ ದೇವರ ಹಾಡು ಕೇಳಿಸಿದಾಗ ಊಟ ಬಿಟ್ಟು ಓಡುತ್ತಿದ್ದೆವು ಎಂದು ಅಪ್ಪ ಈಗಲೂ ಹೇಳುತ್ತಾರೆ. ಐಪಿಎಲ್ ಕೂಡ ನಮಗೆ ಹಾಗೆ ಒದಗಿ ಬಂದಿದೆ. ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರಿನ ಸೂರ್ಯ ಮುಳುಗುವುದು ಆರೂವರೆ ದಾಟಿದ ಮೇಲೆ. ಏಳೂಕಾಲಿನ ಹೊತ್ತಿಗೆ ಕತ್ತಲು. ಮ್ಯಾಚ್ ಏಳೂವರೆಗೆ. ಏಳಕ್ಕೆ ಮೊದಲೇ ಆನ್ ಮಾಡಿದ್ದು ನನ್ನ ಅವಸರ. ಲಂಡನ್ನಿನಲ್ಲಿರುವ ಕನ್ನಡಿಗರಿಗೆ ಈ ಭಾಗ್ಯ ಇಲ್ಲ. ಅದೇ ಮ್ಯಾಚ್ ಅಲ್ಲಿ ಮಧ್ಯಾಹ್ನ ಮೂರಕ್ಕೆ, ಮೇ ತಿಂಗಳಲ್ಲಿ ಹೊತ್ತು ಮುಳುಗುವುದು ರಾತ್ರಿ ಎಂಟೂಕಾಲು ದಾಟಿದ ಮೇಲೆ. ಹಿತ್ತಲಲ್ಲಿ ಪರದೆ ಕಟ್ಟಿ ಏನೂ ಪ್ರಯೋಜನವಿಲ್ಲ.

ಡಬ್ಬ ಓದುವಾಗ ಇನ್ನೆರಡು ವಿಷಯ ಗಮನಿಸಿ. ಆನ್ಸಿ ಲ್ಯೂಮೆನ್ ಸಂಖ್ಯೆ ನಿಜವೇ ಆದರೂ ಅದು ಅತಿ ಪ್ರಕಾಶದ ಮೋಡ್‌ನಲ್ಲಿ ಅಳೆದದ್ದು. ಆ ಮೋಡ್‌ನಲ್ಲಿ ಫ್ಯಾನ್ ಸದ್ದು ಜಾಸ್ತಿ, ಎಷ್ಟೋ ಪ್ರೊಜೆಕ್ಟರುಗಳಲ್ಲಿ ಚಿತ್ರ ಹಸಿರಿಗೆ ತಿರುಗುತ್ತದೆ. ಮೈದಾನ ಚೆಂದ ಕಾಣುತ್ತದೆ, ಆಟಗಾರರ ಮುಖವೂ ಪಾಚಿ ಕಟ್ಟಿದಂತಿರುತ್ತದೆ. ಎರಡನೆಯದು, ಬ್ಯಾಟರಿ ಇರುವವು. ಅಡಾಪ್ಟರ್ ಕಿತ್ತ ಕೂಡಲೇ ಹೆಚ್ಚಿನವು ಬೆಳಕನ್ನು ತಗ್ಗಿಸುತ್ತವೆ. ಬ್ಯಾಟರಿ ಎರಡೂವರೆ ಗಂಟೆ ಬಂದರೆ ಅದೇ ಹೆಚ್ಚು. ಟಿ20 ಮ್ಯಾಚ್ ಮುಗಿಯಲು ಮೂರೂವರೆ ಗಂಟೆ ಮೇಲೆ ಬೇಕು. ಚೇಸಿಂಗ್ ರೋಚಕ ಆಗುವ ಹೊತ್ತಿಗೆ ಕತ್ತಲು. ಎಕ್ಸ್‌ಟೆನ್ಷನ್ ಬೋರ್ಡ್ ಎಳೆದುಕೊಂಡೇ ಕೂರಿ. ಲೈವ್ ಆ್ಯಪ್ ಅದರಲ್ಲಿ ಓಡುತ್ತದೆಯೇ ಎಂದೂ ಮೊದಲೇ ನೋಡಿ. ಕೆಲವು ಆ್ಯಪ್‌ಗಳನ್ನು ಫೋನಿನಿಂದ ಕಳಿಸಿದರೆ ಕಾಪಿ ತಡೆಯ ಬೀಗದಿಂದಾಗಿ ಪರದೆ ಕಪ್ಪಾಗುತ್ತದೆ, ಕಾಮೆಂಟರಿ ಮಾತ್ರ ಕೇಳಿಸುತ್ತದೆ. ಅದಕ್ಕೆ ಯಾವ ಲ್ಯೂಮೆನ್ನೂ ಔಷಧಿಯಲ್ಲ.

ಬೀದಿಯಲ್ಲಿ, ಮೈದಾನದಲ್ಲಿ ಹಾಕುವ ದೊಡ್ಡ ಪರದೆಗಳಿಗೆ ಲ್ಯೂಮೆನ್ ಲೆಕ್ಕವೇ ಬೇಡ. 2015ರಲ್ಲಿ ಶುರುವಾದ ಐಪಿಎಲ್ ಫ್ಯಾನ್ ಪಾರ್ಕಿನಂಥ ಕಡೆ ಬಳಸುವುದು ಎಲ್‌ಇಡಿ ವಾಲ್. ಅಲ್ಲಿ ಪರದೆಯೇ ದೀಪ, ಸಾವಿರಾರು ಪುಟ್ಟ ಎಲ್‌ಇಡಿಗಳು. ಅವುಗಳ ಅಳತೆ ನಿಟ್ಸ್, ಅಂದರೆ ಚದರ ಮೀಟರಿಗೆ ಎಷ್ಟು ಕ್ಯಾಂಡೆಲಾ ಎಂಬುದು. ಹೊರಗೆ ಇಡುವ ವಾಲ್ 5000 ನಿಟ್ಸ್ ಕೂಡ ಕೊಡಬಲ್ಲದು. ಥಿಯೇಟರಿನ 48ರ ಪಕ್ಕ ಇಟ್ಟು ನೋಡಿ. ಅದಕ್ಕೇ ಅದು ಬಿಸಿಲಿನಲ್ಲೂ ಕಾಣುತ್ತದೆ. ಬ್ಯಾಗಿಗೆ ಹಾಕಿಕೊಂಡು ಹೋಗುವ ಪೋರ್ಟಬಲ್ ಮಾನಿಟರುಗಳದ್ದೂ ನಿಟ್ಸ್ ಲೆಕ್ಕವೇ. ಸಾಮಾನ್ಯವಾಗಿ 250ರಿಂದ 300. ಮರದ ನೆರಳಲ್ಲಿ ನಾಲ್ಕು ಜನ ನೋಡಲು ಅಡ್ಡಿಯಿಲ್ಲ.

ಶನಿವಾರ, ಭಾನುವಾರದ ಮೂರೂವರೆ ಮ್ಯಾಚಿಗೆ ನಾನು ಪ್ರೊಜೆಕ್ಟರ್ ಮುಟ್ಟುವುದೇ ಇಲ್ಲ. ಬಿಸಿಲು ಲಕ್ಷ ಲಕ್ಸ್ ಸುರಿಯುವಾಗ ನನ್ನ 140 ಯಾವ ಮೂಲೆಗೆ? ಮೊದಲ ಮ್ಯಾಚನ್ನು ಕೆಳಗೆ ಹಾಲ್‌ನ ಟಿವಿಯಲ್ಲಿ ನೋಡಿ, ಎರಡನೆಯದಕ್ಕೆ ಚಾಪೆ ಹಿಡಿದು ಮೇಲೆ ಹತ್ತುತ್ತೇವೆ. ಅಜ್ಜಿಯೂ ಬರುತ್ತಾರೆ. ಈಗ ಅವರ ದೂರು ಬೇರೆ: ಕೆಳಗಿನ ಬೀದಿಯಲ್ಲಿ ಡಿಶ್ ಇರುವವರು "ಔಟ್!" ಅಂತ ಕೂಗುವಾಗ ನಮ್ಮ ಗೋಡೆ ಮೇಲೆ ಬೌಲರ್ ಇನ್ನೂ ಓಡಲೇ ಶುರುಮಾಡಿರುವುದಿಲ್ಲ.